ಮೂರನೇ ಬೆರಳಿನ ಪಟ್ಟಿ

ಆ ಕಿಟಕಿ ಹಾಕಿಬಿಡಿ. ಹೆದರಿಕೆಗಲ್ಲ, ಸೊಳ್ಳೆಗೆ. ಹೆದರಿಕೆಗೆ ಕಿಟಕಿ ಹಾಕಿ ಏನೂ ಪ್ರಯೋಜನ ಇಲ್ಲ. ನಮ್ಮಣ್ಣ ಹಾಕಿ ನೋಡಿದಾನೆ.

ಅಣ್ಣ ಅಂದ್ರೆ ಸ್ವಂತ ಅಣ್ಣ ಅಲ್ಲ, ದೊಡ್ಡಪ್ಪನ ಮಗ. ಪಿಟೀಲು ಮೇಷ್ಟ್ರು. ಮನೇಲೂ ಪಾಠ ಹೇಳ್ತಾನೆ, ಕೆಲವರ ಮನೆಗೆ ಹೋಗಿಯೂ ಹೇಳ್ತಾನೆ. ಹಾಗೆ ಒಂದಿನ ಯಾರದೋ ಮನೇಲಿ ಪಾಠ ಮುಗಿಸಿ ಹೊರಡೋದು ತಡ ಆಯ್ತು. ಕೈಲಿ ಪಿಟೀಲಿನ ಪೆಟ್ಟಿಗೆ. ಬೀದಿ ಖಾಲಿ. ಅಚ್ಚುಕೂಟದ ಹಿಂದಿನ ಓಣೀಲಿ ಒಂದು ಹಳೇ ಬಾವಿ ಇದೆ. ನೀರು ಸೇದೋದು ಬಿಟ್ಟು ಎಷ್ಟೋ ಕಾಲ ಆಯ್ತು. ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಯಾರೂ ಒಳಗೆ ಬೀಳಬಾರದು ಅಂತ ಹಾಕಿದ್ದು. ಒಳಗಿಂದ ಬರೋದರ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ.

ಅಲ್ಲಿಗೆ ಬಂದ...

ಟಣ್.

ತಂತಿಯ ಸದ್ದು. ಕಮಾನಿಂದ ಎಳೆದದ್ದಲ್ಲ, ಬೆರಳಿಂದ ಮೀಟಿದ್ದು. ಅಣ್ಣ ಕೈಲಿದ್ದ ಪೆಟ್ಟಿಗೆ ನೋಡಿದ. ಮುಚ್ಚಿದೆ. ಒಳಗೆ ಏನೋ ಸಡಿಲ ಆಗಿರಬೇಕು ಅಂದುಕೊಂಡು ಹೆಜ್ಜೆ ಹಾಕಿದ.

ಟಣ್... ... ಟಣ್.

ಈಗ ಬಾವಿ ಕಡೆಯಿಂದ. ನಡುವಿನ ತಂತಿ ಮೇಲೆ ಮೂರನೇ ಬೆರಳು ಒತ್ತಿ ಮೀಟಿದ್ದು. ಸ್ವರ ಇರಬೇಕಾದ್ದಕ್ಕಿಂತ ಸ್ವಲ್ಪ ಏರಿತ್ತು. ಸ್ವಲ್ಪ ಅಂದ್ರೆ ನಿಮಗೂ ನನಗೂ ಗೊತ್ತಾಗೋ ಅಷ್ಟಲ್ಲ. ಗೊತ್ತಾಗೋರಿಗೆ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ.

ಬೇರೆ ಯಾರಾದ್ರೂ ಆಗಿದ್ರೆ ಓಡೋರು. ಅಣ್ಣ ನಿಂತುಬಿಟ್ಟ. ಯಾಕಂದ್ರೆ ಆ ತಪ್ಪಿನ ಗುರುತು ಅವನಿಗೆ ಸಿಕ್ತು. ಕೈಬರಹ ಗುರುತು ಹಿಡೀತೀವಲ್ಲ, ಹಾಗೆ. ಅದು ಅವನದೇ ತಪ್ಪು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಇಲ್ಲಿ ಯಾರೂ ಕಳ್ಳ ಅಂತಲೂ ಅನ್ನಲಿಲ್ಲ, ಬರೀ ಟಣ್ ಅಂದ್ರು. ಇವನ ಕೈ ಆಗಲೇ ಹೆಗಲ ಮೇಲೆ.

ಮನೆಗೆ ಬಂದು ಅತ್ತಿಗೆ ಹತ್ರ ಹೇಳಿದ. "ಬಾವಿ ಹತ್ರ ಯಾರೋ ಪಿಟೀಲು ಮೀಟ್ತಿದ್ರು ಕಣೇ."

"ಚೆನ್ನಾಗಿತ್ತಾ?"

"ಇಲ್ಲ."

"ಹಾಗಾದ್ರೆ ನಿಮ್ಮ ಶಿಷ್ಯರೇ ಇರಬೇಕು," ಅಂದ್ಲು ಅತ್ತಿಗೆ. ಮಗ್ಗುಲಾಗಿ ನಿದ್ದೆ ಮಾಡಿದ್ಲು.

ಅವಳು ತಮಾಷೆಗೆ ಅಂದಿದ್ದು. ಇವನು ಬೆಳಗಾಗೋವರೆಗೂ ಸೂರು ನೋಡ್ತಾ ಮಲಗಿದ್ದ.

ಈಗ ಶಿಷ್ಯರ ವಿಷಯ ಹೇಳಬೇಕು. ನಮ್ಮ ಬೀದೀಲಿ ಇಬ್ಬರು ಪಿಟೀಲು ಮೇಷ್ಟ್ರು. ಮೂಲೆ ಮನೆಯವರು ಹಿರಿಯರು. ಅವರಿಗೆ ಕಿವಿ ಮೇಷ್ಟ್ರು ಅಂತ ಹೆಸರು. ಅವರ ಹತ್ರ ಸೇರಿದ್ರೆ ಪಿಟೀಲು ಮುಟ್ಟೋಕೆ ಕೊಡ್ತಿರಲಿಲ್ಲ. ಮೊದಲು ಸ್ವರ ಹಾಡಬೇಕು. ಕಣ್ಣು ಮುಚ್ಚಿ ಕೇಳಬೇಕು. ಆಮೇಲೆ ಇನ್ನೊಂದಷ್ಟು ಕೇಳಬೇಕು. "ಬೆರಳು ಆಳು, ಕಿವಿ ಯಜಮಾನ" ಅನ್ನೋರು. ಪಿಟೀಲು ಕಲಿಯೋಕೆ ಅಂತ ಅವರ ಮನೆಗೆ ಸೇರಿ, ಪಿಟೀಲು ಮುಟ್ಟದೇನೇ ಮದುವೆ ಆಗಿ ಹೋದ ಹುಡುಗೀರೂ ಇದ್ರು.

ನಮ್ಮಣ್ಣನದು ಬೇರೆ ದಾರಿ. ಪಿಟೀಲಲ್ಲಿ ಬೆರಳು ಎಲ್ಲಿ ಇಡಬೇಕು ಅನ್ನೋಕೆ ಗುರುತೇ ಇರಲ್ಲ, ಉದ್ದಕ್ಕೆ ನುಣ್ಣಗೆ ಕಪ್ಪು ಮರ ಅಷ್ಟೆ. ಅಣ್ಣ ಆ ಮರದ ಮೇಲೆ ಅಡ್ಡಡ್ಡಕ್ಕೆ ಬಿಳೀ ಪಟ್ಟಿ ಅಂಟಿಸಿಬಿಡೋನು, ಬೆರಳಿಗೊಂದು. ಪಟ್ಟಿ ಮೇಲೆ ಬೆರಳಿಡು, ಸ್ವರ ಬರುತ್ತೆ. ಸೇರಿದ ವಾರಕ್ಕೇ ಒಂದು ಚಿಕ್ಕ ಹಾಡು. ಅಪ್ಪ ಅಮ್ಮಂದಿರಿಗೆ ಖುಷಿ. ಅವನಿಗೆ ಪಟ್ಟಿ ಮೇಷ್ಟ್ರು ಅಂತ ಹೆಸರಾಯ್ತು. ಆ ಪದ್ಧತೀಲಿ ತಪ್ಪೇನಿಲ್ಲ. ಪಟ್ಟಿ ಇರಬೇಕಾದ ಕಡೆ ಇದ್ರೆ ಆಯ್ತು.

ಇಬ್ಬರು ಮೇಷ್ಟ್ರೂ ಎದುರಾದ್ರೆ ಬಿಸಿಲಿನ ಬಗ್ಗೆ ಮಾತಾಡೋರು, ಚಳಿ ಬಂದ್ರೆ ಚಳಿ ಬಗ್ಗೆ. ಸಂಗೀತದ ಮಾತು ಬರ್ತಿರಲಿಲ್ಲ. ಅವರಿಬ್ಬರ ನಡುವೆ ಒಂದು ಕಟ್ಟುಪಾಡು ಇತ್ತು, ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಒಬ್ಬರ ಶಿಷ್ಯರನ್ನ ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಅವರು ನುಡಿಸಿದ್ದನ್ನ ಕೂತು ಕೇಳಿ ಸರಿ ತಪ್ಪು ಅನ್ನೋ ಹಾಗೂ ಇಲ್ಲ. ಇದು ಇರಲಿ, ಆಮೇಲೆ ಬರುತ್ತೆ.

ಅಣ್ಣನ ಹತ್ರ ಒಬ್ಬ ಹೆಂಗಸು ಪಾಠಕ್ಕೆ ಸೇರಿದ್ರು. ಕೆಲಸದಿಂದ ನಿವೃತ್ತಿ ಆದವರು. ಜೀವಮಾನವೆಲ್ಲ ಟೆಲಿಫೋನ್ ಆಫೀಸಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಲೈನು ಜೋಡಿಸ್ತಿದ್ದವರು. ಟೆಲಿಫೋನ್ ಅಮ್ಮ ಅಂತಲೇ ಎಲ್ಲರೂ ಕರೀತಿದ್ರು. ಆಕೆಗೆ ಕಿವಿ ಅಂದ್ರೆ ಹೆಮ್ಮೆ. ಫೋನಲ್ಲಿ ಆ ಕಡೆಯವರು ಹಲೋ ಅನ್ನೋಕೆ ಉಸಿರು ಎಳೆದುಕೊಂಡ್ರೆ ಸಾಕು, ಯಾರು ಅಂತ ಹೇಳೋರು. ಸೊಸೆ ಅಡುಗೆಮನೇಲಿ ಮೆಲ್ಲಗೆ ಡಬ್ಬಿ ಮುಚ್ಚಳ ತೆಗೆದ್ರೆ, ಹಜಾರದಿಂದಲೇ "ಸಕ್ಕರೆ ಮುಗೀತಾ ಬಂತು ನೋಡು" ಅನ್ನೋರು. ಸೊಸೆಗೆ ಈ ಪ್ರತಿಭೆ ಮೇಲೆ ಅಂಥ ಅಭಿಮಾನ ಇರಲಿಲ್ಲ ಅನ್ನಿ.

ಆಕೆ ತಂದಿದ್ದು ಯಾರೋ ಬಳಸಿ ಬಿಟ್ಟ ಪಿಟೀಲು. ಪಿಟೀಲಲ್ಲಿ ಕುದುರೆ ಅಂತ ಒಂದಿರುತ್ತೆ, ತಂತಿಗಳನ್ನ ಎತ್ತಿ ಹಿಡಿಯೋ ಚಿಕ್ಕ ಮರದ ತುಂಡು. ಅಂಟಿಸಿರಲ್ಲ. ತಂತಿ ಬಿಗೀಲೇ ನಿಂತಿರುತ್ತೆ. ಈ ಪಿಟೀಲಲ್ಲಿ ಅದು ಜಾಗ ಬಿಟ್ಟು ಹಿಂದಕ್ಕೆ ಜಾರಿತ್ತು. ಅಣ್ಣ ಗಮನಿಸಲಿಲ್ಲ. ಅದು ಹೇಗಿತ್ತೋ ಹಾಗೇ ಇಟ್ಟುಕೊಂಡು ಅದಕ್ಕೆ ಸರಿಯಾಗಿ ಪಟ್ಟಿ ಅಂಟಿಸಿದ. ಮುಂದಿನ ವಾರ ಹಳೇ ತಂತಿ ತೆಗೆದು ಹೊಸದು ಹಾಕುವಾಗ, "ಅರೆ, ಕುದುರೆ ಜಾರಿದೆಯಲ್ಲ" ಅಂತ ಅದನ್ನ ಅದರ ಜಾಗಕ್ಕೆ ತಂದು ನಿಲ್ಲಿಸಿದ. ಅದೂ ಸರಿಯಾದ ಕೆಲಸವೇ. ಎರಡು ಸರಿ ಸೇರಿ ಒಂದು ತಪ್ಪಾಯ್ತು. ಕುದುರೆ ಸರಿಸಿದ ಮೇಲೆ ಪಟ್ಟಿಗಳನ್ನೂ ಕಿತ್ತು ಹೊಸದಾಗಿ ಅಂಟಿಸಬೇಕು. ಮರೆತುಬಿಟ್ಟ. ಈಗ ಪಟ್ಟಿ ಮೇಲೆ ಬೆರಳಿಟ್ಟರೆ ಸ್ವರ ಏರುತ್ತೆ. ಮೊದಲನೇ ಬೆರಳಲ್ಲಿ ಅಷ್ಟಿಲ್ಲ. ಮೂರನೇದಕ್ಕೆ ಬರೋ ಹೊತ್ತಿಗೆ ಬಲ್ಲ ಕಿವಿಗೆ ಚುಚ್ಚೋ ಅಷ್ಟು ಏರಿರುತ್ತೆ.

ಟೆಲಿಫೋನ್ ಅಮ್ಮ ಅವತ್ತೇ ಹೇಳಿದ್ರು.

"ಮೇಷ್ಟ್ರೇ, ಈ ಮೂರನೇದು ಸ್ವಲ್ಪ ಮೇಲಕ್ಕೆ ಹೋಗ್ತಿದೆ."

"ಪಟ್ಟಿ ಮೇಲೆ ಇಟ್ಟಿದೀರಾ?"

"ಇಟ್ಟಿದೀನಿ."

"ಹಾಗಾದ್ರೆ ಸರಿ ಇದೆ."

"ಆದ್ರೆ ಪಕ್ಕದ ತಂತಿ ಮಾತಾಡ್ತಾನೇ ಇಲ್ವಲ್ಲ."

ಇದು ಸುಮ್ಮನೆ ಆಡೋ ಮಾತಲ್ಲ. ಮೂರನೇ ಬೆರಳು ಸರಿಯಾದ ಜಾಗದಲ್ಲಿ ಬಿದ್ರೆ, ಯಾರೂ ಮುಟ್ಟದೇ ಇದ್ರೂ ಪಕ್ಕದ ದಪ್ಪ ತಂತಿ ತಾನಾಗೇ ಗುಂಯ್ ಅನ್ನುತ್ತೆ. ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೇಲಿ ಒಬ್ಬರೇ ಕೂತು ಬೆರಳು ಜರುಗಿಸಿ ಜರುಗಿಸಿ ಕಂಡುಕೊಂಡಿದ್ರು.

ಅಣ್ಣ ನಕ್ಕ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ಕಿವಿ ಬಿಡಿ ಅಮ್ಮ, ಪಟ್ಟಿ ನಂಬಿ."

ಆಕೆಯೂ ನಕ್ರು. ಮೇಷ್ಟ್ರು ಹೇಳಿದ ಮೇಲೆ ಆಯ್ತು ಅಂತ ಕಿವಿ ಬಿಟ್ಟು ಪಟ್ಟಿ ಹಿಡಿದ್ರು. ನೆಲ ಮಾತ್ರ ನಿಜವಾಗ್ಲೂ ಡೊಂಕೇ ಇತ್ತು.

ವರ್ಷಕ್ಕೊಂದು ಸಲ ಅಣ್ಣ ಶಿಷ್ಯರನ್ನೆಲ್ಲ ಸೇರಿಸಿ ಒಂದು ಸಂಜೆ ನುಡಿಸ್ತಾನೆ. ಬಾಡಿಗೆ ಸಭಾಂಗಣ, ಮಡಚೋ ಕುರ್ಚಿ, ಕುಂಯ್‌ಗುಟ್ಟೋ ಮೈಕು. ಟೆಲಿಫೋನ್ ಅಮ್ಮನ್ನ ಒಬ್ಬಳು ಪುಟ್ಟ ಹುಡುಗಿ ಜೊತೆ ಕೂರಿಸಿದ, ಇಬ್ಬರೂ ಒಂದೇ ಹಾಡು ನುಡಿಸಲಿ ಅಂತ. ಹುಡುಗಿ ಪಿಟೀಲಲ್ಲಿ ಪಟ್ಟಿ ಸರಿಯಾಗಿತ್ತು. ಒಬ್ಬೊಬ್ಬರೇ ನುಡಿಸಿದ್ರೆ ಹೇಗೋ ದಾಟಿಹೋಗ್ತಿತ್ತು. ಜೊತೇಲಿ ಶುರು ಮಾಡಿದ ತಕ್ಷಣ... ಎರಡು ಸ್ವರ ಒಂದಕ್ಕೊಂದು ಉಜ್ಜಿಕೊಂಡು, ಊಂಯ್ಞ್ ಊಂಯ್ಞ್ ಅಂತ, ತುಕ್ಕು ಹಿಡಿದ ಗೇಟು ಗಾಳಿಗೆ ಆಡಿದ ಹಾಗೆ.

ಮುಂದಿನ ಸಾಲಲ್ಲಿ ಯಾರೋ ಕಿಸಕ್ ಅಂದ್ರು. ಅಷ್ಟೇ ಬೇಕಿತ್ತು. ಸಭಾಂಗಣ ಪೂರಾ ನಕ್ಕಿತು. ಪಾಪ, ಕೆಟ್ಟ ಜನ ಅಲ್ಲ. ನಗು ಬರೋ ಹಾಗೇ ಇತ್ತು.

ಅಣ್ಣ ಪಕ್ಕದಲ್ಲಿ ನಿಂತು ಆಕೆಯ ಎಡಗೈ ನೋಡಿದ. ಬೆರಳು ಒಂದೊಂದೂ ಪಟ್ಟಿ ಮೇಲೆ, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಆಮೇಲೆ ಕುದುರೆ ನೋಡಿದ. ಆಗ ಹೊಳೀತು.

ಕಾರ್ಯಕ್ರಮ ಮುಗಿದ ಮೇಲೆ ಆಕೆ ಹಿಂದಿನ ಕೋಣೆಗೆ ಬಂದ್ರು. ಅಲ್ಲಿ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ತುಂಬಿಕೊಂಡಿದ್ರು. ನಮ್ಮ ಮಗಳನ್ನೂ ಸೇರಿಸಬೇಕು ಅಂತ ಒಬ್ಬರು ಅಣ್ಣನ ತೋಳು ಹಿಡಿದುಕೊಂಡೇ ನಿಂತಿದ್ರು. ಆಕೆ ಮೆಲ್ಲಗೆ ಕೇಳಿದ್ರು. "ಮೇಷ್ಟ್ರೇ... ನಿಜ ಹೇಳಿ. ನನ್ನ ಕಿವಿಯಾ?"

ಒಂದು ಮಾತು ಹೇಳಿದ್ರೆ ಮುಗೀತಿತ್ತು. ಪಟ್ಟಿ ತಪ್ಪು ಅಂತ. ಆದ್ರೆ ಅಷ್ಟು ಜನರ ಎದುರಿಗೆ ಪಟ್ಟಿ ಮೇಷ್ಟ್ರು ಪಟ್ಟಿ ತಪ್ಪು ಅಂದ್ರೆ ನಾಳೆ ಯಾರು ಬರ್ತಾರೆ?

"ವಯಸ್ಸಾಯ್ತಲ್ಲ ಅಮ್ಮ," ಅಂದ ಅಣ್ಣ. "ಕಿವಿ ಸ್ವಲ್ಪ ಮೋಸ ಮಾಡುತ್ತೆ."

ಆಕೆ ಹ್ಞೂಂ ಅಂದ್ರು. ಪೆಟ್ಟಿಗೆ ಮುಚ್ಚಿಕೊಂಡು ಹೋದ್ರು. ಆಮೇಲೆ ಪಾಠಕ್ಕೆ ಬರಲಿಲ್ಲ. ಮನೆಗೆ ಹೋಗಿ ಹೇಳೋಣ ಅಂತ ಅಣ್ಣ ಎಷ್ಟೋ ಸಲ ಹೊರಟನಂತೆ. ಈ ವಾರ ಬೇಡ, ನೆಂಟರು ಬಂದಿದಾರೆ. ಮುಂದಿನ ವಾರ ಬೇಡ, ಚಪ್ಪಲಿ ಹೊಲಿಸಬೇಕು. ಹೀಗೇ. ಅಷ್ಟರಲ್ಲಿ ಚಳಿಗಾಲ ಬಂತು, ಆಕೆ ಒಂದು ರಾತ್ರಿ ಮಲಗಿದವರು ಏಳಲೇ ಇಲ್ಲ. ಕಾಯಿಲೆ ಕಸಾಲೆ ಏನಿಲ್ಲ.

ಬಾವಿ ಹತ್ರ ಟಣ್ ಕೇಳಿಸಿದ್ದು ಅದಾದ ಮೇಲೆ.

ಅಣ್ಣ ಮೊದಲು ದಾರಿ ಬದಲಾಯಿಸಿದ. ಸುತ್ತು ಬಳಸಿ ದೊಡ್ಡ ಆಲದಮರದ ಕಡೆಯಿಂದ ಬಂದ. ಬಾವಿಗಿಂತ ಆಲದಮರ ವಾಸಿ ಅಂದುಕೊಂಡವನು ನಮ್ಮ ಕಡೆ ಇವನೊಬ್ಬನೇ ಇರಬೇಕು. ಅಲ್ಲೂ... ಬಿಳಲುಗಳ ನಡುವೆ ಎಲ್ಲೋ... ಟಣ್. ತಡೆದು, ಇನ್ನೊಂದು ಸಲ... ಟಣ್. ಅದೇ ಏರಿದ ಸ್ವರ. ಪಟ್ಟಿ ಬಿಟ್ಟು ಒಂದು ಕೂದಲೆಳೆ ಆಚೆ ಹೋಗದ ಬೆರಳು.

ಕಿವಿಗೆ ಹತ್ತಿ ಇಟ್ಟುಕೊಂಡ. ಹತ್ತಿ ಇಟ್ಟ ಮೇಲೆ ಬೀದಿ ನಾಯಿ, ಸೈಕಲ್ ಗಂಟೆ, ಹೆಂಡತಿ ಮಾತು ಯಾವುದೂ ಕೇಳಿಸಲಿಲ್ಲ. ಅದೊಂದೇ ಕೇಳಿಸ್ತಿತ್ತು. ಹೆಂಡತಿ ಮಾತು ಕೇಳಿಸದೇ ಇದ್ದದ್ದರಿಂದ ಮನೇಲಿ ಬೇರೆ ತರದ ದೆವ್ವ ಎದ್ದಿತು, ಆ ಕತೆ ಬೇಡ.

ಆಮೇಲೆ ಪಾಠದ ಹೊತ್ತಲ್ಲೇ ಎಡವಟ್ಟು ಶುರುವಾಯ್ತು. ಮಕ್ಕಳು ಸರಿಯಾಗಿ ನುಡಿಸಿದ್ರೆ ಇವನಿಗೆ ತಪ್ಪಾಗಿ ಕೇಳಿಸೋದು. "ತಪ್ಪು, ಇನ್ನೊಂದು ಸಲ" ಅನ್ನೋನು. ಮಗು ಪಟ್ಟಿ ಕಡೆ ಬೆರಳು ತೋರಿಸಿ "ಇಲ್ಲೇ ಇಟ್ಟಿದೀನಲ್ಲ ಸರ್" ಅನ್ನೋದು. ತನ್ನ ಕಿವಿ ಸರಿಯೋ ತಪ್ಪೋ ಅಂತ ಇವನಿಗೇ ಗೊತ್ತಾಗ್ತಿರಲಿಲ್ಲ. ಪಿಟೀಲು ಮೇಷ್ಟ್ರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ ಹೇಳಿ. ಆಕೆಗೆ ಇವನು ಕೊಟ್ಟಿದ್ದೂ ಅದೇ ತಾನೇ.

ಒಂದು ರಾತ್ರಿ ತಾನಾಗೇ ಬಾವಿ ಹತ್ರ ಹೋದ. ಜಾಲರಿ ಮೇಲೆ ಕೈಯಿಟ್ಟ. ಕಬ್ಬಿಣ ತಣ್ಣಗೆ ಕೊರೀತಿತ್ತು.

"ಅಮ್ಮಾ..."

ಸದ್ದಿಲ್ಲ. ಎಲ್ಲೋ ನಲ್ಲಿ ತೊಟ್ಟಿಕ್ತಿತ್ತು... ತಟ್... ತಟ್.

"ಅಮ್ಮಾ, ನಾನು. ಮೇಷ್ಟ್ರು."

"ಗೊತ್ತು." ಕಿವಿ ಹತ್ರವೇ. ಫೋನಲ್ಲಿ ಕೇಳಿಸೋ ಹಾಗೆ, ಸಣ್ಣಗೆ, ನಡುವೆ ಸ್ವಲ್ಪ ಸರಸರ. "ಉಸಿರಲ್ಲೇ ಗೊತ್ತಾಯ್ತು."

ಅಣ್ಣ ಜಾಲರಿ ಗಟ್ಟಿಯಾಗಿ ಹಿಡಿದುಕೊಂಡ. "ತಪ್ಪು ನಿಮ್ಮ ಕಿವಿದಲ್ಲ ಅಮ್ಮ."

"ಯಾರದು?"

"ಕುದುರೇದು."

ನೋಡಿ, ಸತ್ತವರ ಮುಂದೆ ನಿಂತೂ ಒಂದು ಮರದ ತುಂಡಿನ ಮೇಲೆ ಹಾಕ್ದ. ಅದು ನಮ್ಮ ಮನೆತನದ ಗುಣ.

ಟಣ್.

"ಕುದುರೆ ತಾನಾಗೇ ನಡೀತಾ ಮೇಷ್ಟ್ರೇ?"

"...ನಾನೇ ಸರಿಸಿದ್ದು. ಪಟ್ಟಿ ಬದಲಾಯಿಸೋದು ಮರೆತೆ. ಅವತ್ತು ಗೊತ್ತಾಯ್ತು. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ."

ಸುಮ್ಮನಾಯ್ತು. ಬಹಳ ಹೊತ್ತು. ಮುಗೀತು, ಹೋದ್ರು ಅಂದುಕೊಂಡ. ಹಗುರಾಯ್ತು ಅಂತ ಉಸಿರು ಬಿಡೋಕೆ ಹೊರಟ.

"ನನಗೆ ಹೇಳಿ ಏನಾಗಬೇಕು?" ಅಂತು ಆ ದನಿ. ಕೋಪ ಏನಿಲ್ಲ. ಲೈನು ಬದಲಾಯಿಸೋರು ಹೇಳೋ ಹಾಗೆ. "ನನಗೆ ಆಗಲೇ ಕೇಳಿಸಿತ್ತು. ನಕ್ಕವರಿಗೆ ಹೇಳಿ."

ಅಣ್ಣ ಮನೆಗೆ ಹೇಗೆ ಬಂದ ಅಂತ ಅವನಿಗೇ ನೆನಪಿಲ್ಲ. ಒಂದು ಚಪ್ಪಲಿ ಮಾತ್ರ ಬಂದಿತ್ತು.

ಬೆಳಗ್ಗೆ ಎದ್ದು ಸೀದಾ ಕಿವಿ ಮೇಷ್ಟ್ರ ಮನೆಗೆ ಹೋದ. ಯಾಕೆ ಅಂತ ಕೇಳಬೇಡಿ. ಅವತ್ತು ಸಭಾಂಗಣದಲ್ಲಿ ಟೆಲಿಫೋನ್ ಅಮ್ಮನ ಮನೆಯವರೂ ಇದ್ರು. ಒಬ್ಬನೇ ಆ ಮನೆಗೆ ಹೋಗಿ ಹೇಳೋ ಧೈರ್ಯ ಇರಲಿಲ್ಲ, ಹೆಂಡತಿಗೆ ಹೇಳಿದ್ರೆ ಇಡೀ ಬೀದಿಗೆ ಹೇಳಿದ ಹಾಗೆ. ಕಿವಿ ಮೇಷ್ಟ್ರು ಬಾಗಿಲಲ್ಲೇ ನಿಂತು, "ಏನು, ಬಿಸಿಲು ಜಾಸ್ತಿ ಅಲ್ವಾ ಈ ಸಲ," ಅಂದ್ರು ಅಭ್ಯಾಸಬಲಕ್ಕೆ. ಇವನು ಬಿಸಿಲು ಬಿಟ್ಟು ಎಲ್ಲಾ ಹೇಳಿದ. ಕುದುರೆ, ಪಟ್ಟಿ, ಸಭಾಂಗಣ, ಸುಳ್ಳು, ಬಾವಿ. ಬೈತಾರೆ ಅಂದುಕೊಂಡಿದ್ದ. ಅಥವಾ ನಗ್ತಾರೆ, ನೋಡಿದ್ಯಾ ಪಟ್ಟಿ ಪಾಠದ ಹಣೆಬರಹ ಅಂತ.

ಅವರು ಒಳಗೆ ಕರೆದು ಕೂರಿಸಿದ್ರು. ತಾವು ಕೂರಲಿಲ್ಲ.

"ಆಕೆ ನನ್ನ ಹತ್ರಾನೂ ಬಂದಿದ್ರು," ಅಂದ್ರು.

"ಪಾಠಕ್ಕಾ?"

"ಪಾಠ ಬೇಡ ಅಂದ್ರು. ಒಂದೇ ಒಂದು ಸಲ ನುಡಿಸ್ತೀನಿ, ಕೇಳಿ, ನನ್ನ ಕಿವಿ ಸರಿ ಇದೆಯಾ ಹೇಳಿ ಸಾಕು ಅಂದ್ರು. ನೀವು ಅವನ ಶಿಷ್ಯರು, ನಾನು ಕೇಳೋ ಹಾಗಿಲ್ಲ ಅಂದೆ."

"ಕೇಳಲೇ ಇಲ್ವಾ?"

"ಜೀವಮಾನವೆಲ್ಲ ಕೇಳಿ ಕೇಳಿ ಅಂತ ಮಕ್ಕಳ ಪ್ರಾಣ ತಿಂದೆ ಕಣಯ್ಯ. ಆಕೆ ಕೇಳಿ ಅಂದಾಗ ಬಾಗಿಲು ಹಾಕಿಕೊಂಡೆ." ದನಿ ಇಳಿಸಿ ಕೇಳಿದ್ರು. "ನಿನಗೆ ಬಾವಿ ಹತ್ರಾನಾ?"

"ಹೌದು... ನಿಮಗೆ?"

"ಇದೇ ಬಾಗಿಲಾಚೆ. ದಿನಾ."

ಇಬ್ಬರೂ ಬಾಗಿಲು ನೋಡಿದ್ರು. ಹಗಲು, ಬಿಸಿಲು, ಹೊರಗೆ ತರಕಾರಿಯವನು ಕೂಗ್ತಿದ್ದ. ಆದ್ರೂ ಯಾರೂ ಅದನ್ನ ತೆಗೆಯೋಕೆ ಹೋಗಲಿಲ್ಲ. ಅಣ್ಣ ಹಿತ್ತಲಿಂದ ಮನೆಗೆ ಬಂದ.

ಸಂಜೆ ಇಬ್ಬರೂ ಸೇರಿ ಟೆಲಿಫೋನ್ ಅಮ್ಮನ ಮನೆಗೆ ಹೊರಟ್ರು. ಒಬ್ಬರ ಹಿಂದೆ ಒಬ್ಬರು ನಡೆಯೋಕೆ ಇಬ್ಬರೂ ಒಪ್ಪಲಿಲ್ಲ, ಹಿಂದೆ ಯಾರು ಇರೋದು ಅಂತ. ಕಿರಿದಾದ ಓಣೀಲಿ ಭುಜಕ್ಕೆ ಭುಜ ಒತ್ತಿಕೊಂಡು ಹೋದ್ರು. ನೋಡಿದವರು ಇವರಿಬ್ಬರಿಗೂ ರಾಜಿ ಆಯ್ತು ಅಂದುಕೊಂಡ್ರು.

ಆಕೆಯ ಮಗನಿಗೆ ಕನ್ನಡಕದ ಅಂಗಡಿ. ಆಗಷ್ಟೇ ಬಂದು ಅಂಗಿ ಬದಲಾಯಿಸಿದ್ದ. ಸೊಸೆ ಟೀ ತಂದ್ಲು. ಅಣ್ಣ ಲೋಟ ಕೈಲಿ ಹಿಡಿದು ಕೂತ, ಕುಡೀಲಿಲ್ಲ. ಕಿವಿ ಮೇಷ್ಟ್ರು ಮೊಣಕೈಯಿಂದ ತಿವಿದ್ರು. ಆಗ ಹೇಳಿದ. ನಿಮ್ಮ ತಾಯಿ ಒಂದು ಸ್ವರಾನೂ ತಪ್ಪು ನುಡಿಸಲಿಲ್ಲ. ಗುರುತು ಹಾಕಿದ ನನ್ನದೇ ತಪ್ಪು. ಅದು ಅವತ್ತೇ ಗೊತ್ತಿತ್ತು.

ಮಗ ಎದ್ದು ಬೀರು ಮೇಲಿಂದ ಪಿಟೀಲಿನ ಪೆಟ್ಟಿಗೆ ಇಳಿಸಿ ಮೇಜಿನ ಮೇಲಿಟ್ಟ. "ತೋರಿಸಿ," ಅಂದ.

ತಂತಿ ಎಲ್ಲ ಇಳಿದುಹೋಗಿದ್ವು. ಕಿವಿ ಮೇಷ್ಟ್ರು ಬಿರಡೆ ತಿರುಗಿಸಿ ಶ್ರುತಿ ಮಾಡಿದ್ರು. ಅಣ್ಣ ಪಟ್ಟಿ ಮೇಲೆ ಮೂರನೇ ಬೆರಳಿಟ್ಟು ಕಮಾನು ಎಳೆದ. ಸೊಟ್ಟ ಸ್ವರ. ಬೆರಳು ಒಂದಿಷ್ಟು, ಅಕ್ಕಿ ಕಾಳಿನಗಲದಷ್ಟೂ ಇಲ್ಲ, ಹಿಂದಕ್ಕೆ ಜರುಗಿಸಿದ. ಪಕ್ಕದ ತಂತಿ ಗುಂಯ್ ಅಂತು.

"ಇಷ್ಟೇನಾ?" ಅಂದ ಮಗ.

"ಇಷ್ಟೇ."

"ಇಷ್ಟಕ್ಕೆ..." ಕನ್ನಡಕ ತೆಗೆದು ಅಂಗೀಲಿ ಒರೆಸಿದ, ಮತ್ತೆ ಒರೆಸಿದ. "ಅವತ್ತು ಮೊದಲು ನಕ್ಕಿದ್ದು ನಾನು ಮೇಷ್ಟ್ರೇ. ಮುಂದಿನ ಸಾಲಲ್ಲಿ."

ಸೊಸೆ ಗೋಡೆಗೆ ಒರಗಿ ನಿಂತಿದ್ಲು. ಅವಳೇ ಮೆಲ್ಲಗೆ ಶುರು ಮಾಡಿದ್ಲು.

"ಅಲ್ಲಿಂದ ಬಂದ ಮೇಲೆ ಅತ್ತೆ ಫೋನ್ ತಗೊಳ್ಳೋದೇ ಬಿಟ್ರು. ಬೆಲ್ಲು ಹೊಡೆದ್ರೆ, ನೀನೇ ನೋಡಮ್ಮ, ನನಗೆ ಯಾರು ಅಂತ ತಪ್ಪಿ ಹೋದ್ರೆ ಅನ್ನೋರು. ನಾನು ಏನು ಹೇಳಿದ್ರೂ ಎರಡೆರಡು ಸಲ ಕೇಳೋರು. ಡಬ್ಬಿ ಸದ್ದು ಕೇಳಿಸ್ತು ಅಂತ ಒಂದು ಸಲಾನೂ ಅನ್ನಲಿಲ್ಲ. ನಾನು ಬೇಕು ಬೇಕು ಅಂತಲೇ ಜೋರಾಗಿ ಮುಚ್ಚಳ ತೆಗೀತಿದ್ದೆ."

ಅಣ್ಣ ಲೋಟ ಕೆಳಗಿಟ್ಟ.

"ಡಾಕ್ಟರ ಹತ್ರ ಕರಕೊಂಡು ಹೋದ್ವಿ," ಅಂದ್ಲು. "ಪರೀಕ್ಷೆ ಮಾಡಿ, ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ ಅಮ್ಮ ಅಂದ್ರು. ಅತ್ತೆ ನಂಬಲಿಲ್ಲ. ಮೇಷ್ಟ್ರು ಸುಳ್ಳು ಹೇಳ್ತಾರಾ ಅಂದ್ರು. ಹಟ ಮಾಡಿ ಕಿವಿ ಮೆಷಿನ್ ಕೊಡಿಸಿಕೊಂಡ್ರು. ಹಾಕ್ಕೊಂಡ್ರೆ ಸದ್ದೆಲ್ಲ ದೊಡ್ಡದಾಗಿ ತಲೆ ನೋಯೋದು. ಆದ್ರೂ ಹಾಕ್ಕೊಂಡೇ ಇರೋರು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ. ಇಲ್ಲಿ ಮಾನ ಕಳಕೊಂಡವರು ಒಬ್ಬರು, ಅಡಿಕೆ ತಿಂದವನು ಇನ್ನೊಬ್ಬ. ಅಣ್ಣ ನೆಲ ನೋಡ್ತಾ ಕೂತಿದ್ದ. ಕ್ಷಮಿಸಿ ಅನ್ನೋ ಮಾತು ನಾಲಿಗೆ ತುದೀಲಿತ್ತಂತೆ, ಆದ್ರೆ ಯಾರನ್ನ ಕೇಳೋದು? ಕೇಳಬೇಕಾದವರು ಅಲ್ಲಿರಲಿಲ್ಲ. ಇರಲಿಲ್ಲ ಅಂತ ಅವತ್ತು ಅವನು ಅಂದುಕೊಂಡಿದ್ದ.

ಆಗ ಕಿವಿ ಮೇಷ್ಟ್ರು ಕೈ ಎತ್ತಿದ್ರು, ಸುಮ್ಮನಿರಿ ಅನ್ನೋ ಹಾಗೆ.

ಎಲ್ಲೋ ಸಣ್ಣಗೆ... ಕುಂಯ್ಯ್ಯ್...

ಕುದಿಯೋ ಕೆಟಲ್ಲಿನ ಮೂತಿಯಿಂದ ಬರುತ್ತಲ್ಲ, ಅದಕ್ಕಿಂತ ಸಣ್ಣಗೆ. ಏರಿಲ್ಲ, ಇಳಿದಿಲ್ಲ, ಒಂದೇ ಎಳೆ. ನಾಲ್ಕೂ ಜನ ಕೇಳಿಸಿಕೊಂಡ್ರು. ಮೇಜಿನ ಡ್ರಾಯರಿಂದ ಬರ್ತಿತ್ತು. ಸೊಸೆ ಡ್ರಾಯರ್ ಎಳೆದ್ಲು. ಹತ್ತಿಯಲ್ಲಿ ಸುತ್ತಿಟ್ಟಿದ್ದ ಕಿವಿ ಮೆಷಿನ್. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಹತ್ತಿ ಬಿಚ್ಚಿದ ಮೇಲೆ ಸದ್ದು ಇನ್ನೂ ಚೆನ್ನಾಗಿ ಕೇಳಿಸ್ತು.

"ಅವು ಹಾಗೆ ಸೀಟಿ ಹೊಡೀತಾವೆ," ಅಂದ ಮಗ. "ಅಮ್ಮನ ಕಿವೀಲಿ ಸಡಿಲ ಇದ್ದಾಗ ಹೊಡೀತಿತ್ತು." ದನಿ ಮಾತ್ರ ಒಣಗಿತ್ತು.

ಕಿವಿ ಮೇಷ್ಟ್ರು ಕಣ್ಣು ಮುಚ್ಚಿದ್ರು. ಪಿಟೀಲು ತಗೊಂಡು, ನೋಡದೇನೇ, ನಡುವಿನ ತಂತಿ ಮೇಲೆ ಮೂರನೇ ಬೆರಳಿಟ್ಟು ಮೆಲ್ಲಗೆ ಕಮಾನು ಎಳೆದ್ರು. ಎರಡು ಸದ್ದೂ ಒಂದಾಗಿಹೋಯ್ತು. ಯಾವುದು ಪಿಟೀಲು, ಯಾವುದು ಮೆಷಿನ್ ಅಂತ ಬೇರೆ ಮಾಡೋಕೆ ಆಗಲಿಲ್ಲ. ಒಂದು ಚೂರೂ ಉಜ್ಜಲಿಲ್ಲ. ಕಮಾನು ನಿಲ್ಲಿಸಿದ್ರು. ಮೆಷಿನ್ ನಿಲ್ಲಿಸಲಿಲ್ಲ.

"ಪಟ್ಟಿ ಮೇಲಲ್ಲ," ಅಂದ್ರು ಮೇಷ್ಟ್ರು. "ಸರಿಯಾದ ಜಾಗದಲ್ಲಿ."

ಅಣ್ಣ ಕೈಮುಗಿದುಕೊಂಡು ನಿಂತ. ಯಾರಿಗೆ ಅಂತ ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ತಾನಾಗೇ ಸಣ್ಣ ಆಗ್ತಾ ಆಗ್ತಾ ನಿಂತುಹೋಯ್ತು. ಅವತ್ತಿಂದ ಬಾವಿ ಹತ್ರ ಏನೂ ಕೇಳಿಸಿಲ್ಲ. ಕಿವಿ ಮೇಷ್ಟ್ರ ಬಾಗಿಲಾಚೆಯೂ ಇಲ್ಲ. ಹಾಗಂತ ಅಣ್ಣನಿಗೆ ನೆಮ್ಮದಿ ಇದೆ ಅಂತಲ್ಲ.

ನೀವು ನಗಬಹುದು. ನಮ್ಮಣ್ಣ ಸುಳ್ಳು ಹೇಳಬಲ್ಲ, ಅದನ್ನ ಈಗಷ್ಟೇ ಹೇಳಿದೆ. ಆದ್ರೆ ಕಿವಿ ಮೇಷ್ಟ್ರು ಇದನ್ನೇ, ಇದೇ ತರ ಹೇಳ್ತಾರೆ, ಅವರಿಗೆ ತಮಾಷೆ ಅನ್ನೋದು ಗೊತ್ತೇ ಇಲ್ಲ. ಆ ಸೊಸೆಯನ್ನೂ ಕೇಳಿದೀನಿ. ಅವಳು ಇಷ್ಟೇ ಅಂದ್ಲು. ಮೆಷಿನ್ ವಾಪಸ್ ಇಡೋ ಮುಂಚೆ ಗಂಡ ಸೆಲ್ ತೆಗೆದಿಡು ಅಂದನಂತೆ, ಇಲ್ಲದಿದ್ರೆ ರಾತ್ರಿ ಎಲ್ಲ ಕಿರುಚುತ್ತೆ ಅಂತ. ಅವಳು ಉಗುರಲ್ಲಿ ಅದರ ಪುಟಾಣಿ ಮುಚ್ಚಳ ಎತ್ತಿ ಅವರೆಲ್ಲರ ಕಡೆ ಹಿಡಿದ್ಲು. ಒಳಗೆ ಖಾಲಿ. ಸೆಲ್ಲನ್ನ ಅವಳು ಅತ್ತೆ ತೀರಿಹೋದ ವಾರವೇ ತೆಗೆದು, ಮಗುವಿನ ಆಟದ ಗಡಿಯಾರಕ್ಕೆ ಹಾಕಿದ್ಲಂತೆ.